ನ್ಯೋಸ್: ಸರೋವರ ಸರಿಹೋಯಿತು, ಊರು?

ಶಾಲೆಯ ಅಟ್ಲಾಸನ್ನು ತೆರೆದು ಆಫ್ರಿಕಾ ಖಂಡದ ಪುಟಕ್ಕೆ ಬನ್ನಿ. ಪಶ್ಚಿಮ ಆಫ್ರಿಕಾದ ಕಡಲತೀರ ಪೂರ್ವಕ್ಕೆ ಸಾಗುತ್ತ ಬಂದು, ಗಿನಿ ಕೊಲ್ಲಿಯ ಮೂಲೆಯಲ್ಲಿ ಮೊಣಕೈ ಮಡಿಸಿದಂತೆ ಥಟ್ಟನೆ ದಕ್ಷಿಣಕ್ಕೆ ತಿರುಗುತ್ತದೆ. ಆ ಮೊಣಕೈಯ ಜಾಗದಲ್ಲಿರುವ ದೇಶವೇ ಕ್ಯಾಮರೂನ್. ಅದರ ವಾಯವ್ಯ ಭಾಗದಲ್ಲಿ, ನೈಜೀರಿಯಾದ ಗಡಿಗೆ ಸಮೀಪದಲ್ಲಿ, ಹುಲ್ಲುಬೆಟ್ಟಗಳ ಒಂದು ಸೀಮೆಯಿದೆ. ಆ ಬೆಟ್ಟಗಳ ನಡುವಿನ ಒಂದು ಕಣಿವೆಯಲ್ಲಿ ನ್ಯೋಸ್ ಎಂಬ ಪುಟ್ಟ ಊರು ಇತ್ತು. ನಿಮ್ಮ ಅಟ್ಲಾಸಿನಲ್ಲಿ ಆ ಹೆಸರು ಸಿಗಲಾರದು. ಆದರೆ ಪ್ರಪಂಚದ ಭೂವಿಜ್ಞಾನದ ಪುಸ್ತಕಗಳಲ್ಲಿ ಅದು ತಪ್ಪದೆ ಸಿಗುತ್ತದೆ.

ಕಾರಣ, 1986ರ ಆಗಸ್ಟ್ 21ರ ರಾತ್ರಿ. ಆ ಒಂದು ರಾತ್ರಿಯ ಕಥೆಯನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅದಕ್ಕೂ ಮುಂಚೆ ಆ ಊರು ಹೇಗಿತ್ತು, ಆಮೇಲೆ ಅಲ್ಲಿಯ ಜನ ಏನಾದರು ಎಂಬುದನ್ನು ಕೇಳಿದವರು ಕಡಿಮೆ. ಇತಿಹಾಸವೆಂದರೆ ರಾಜರ ಯುದ್ಧಗಳಷ್ಟೇ ಅಲ್ಲ; ಒಂದು ಹಳ್ಳಿಯ ನೆಲ, ನೀರು, ಗಾಳಿಗೂ ಇತಿಹಾಸವಿದೆ. ನ್ಯೋಸ್ ನಮಗೆ ಕಲಿಸುವ ಪಾಠ ಇದೇ.

ನೆಲದ ಕಥೆ

ಅಟ್ಲಾಂಟಿಕ್ ಸಾಗರದೊಳಗಿನ ಕೆಲವು ದ್ವೀಪಗಳಿಂದ ಆರಂಭವಾಗಿ, ಕಡಲತೀರದ ಕ್ಯಾಮರೂನ್ ಪರ್ವತವನ್ನು ದಾಟಿ, ಈಶಾನ್ಯ ದಿಕ್ಕಿನಲ್ಲಿ ಒಳನಾಡಿಗೆ ಸಾಗುವ ಜ್ವಾಲಾಮುಖಿಗಳ ಸಾಲೊಂದಿದೆ. ಇದಕ್ಕೆ ಕ್ಯಾಮರೂನ್ ಜ್ವಾಲಾಮುಖಿ ಸಾಲು ಎಂದೇ ಹೆಸರು. 4,000 ಮೀಟರಿಗೂ ಎತ್ತರವಾಗಿರುವ ಕ್ಯಾಮರೂನ್ ಪರ್ವತ 1999 ಮತ್ತು 2000ದಲ್ಲಿ ಲಾವಾ ಉಗುಳಿತು. ಒಳನಾಡಿನ ಜ್ವಾಲಾಮುಖಿಗಳಲ್ಲಿ ಹೆಚ್ಚಿನವು ತಣ್ಣಗಾಗಿವೆ. ಅವುಗಳ ಹಳೆಯ ಬಾಯಿಗಳಲ್ಲಿ ಮಳೆನೀರು, ಒರತೆಯ ನೀರು ನಿಂತು ಸರೋವರಗಳಾಗಿವೆ. ಓಕು ಎಂಬ ಪ್ರದೇಶದ ಸುತ್ತಮುತ್ತ ಇಂತಹ ಕುಳಿ ಸರೋವರಗಳು ಹಲವು ಇವೆ. ನ್ಯೋಸ್ ಸರೋವರ ಅವುಗಳಲ್ಲಿ ಒಂದು.

ಈ ಸರೋವರ ದೊಡ್ಡದೇನೂ ಅಲ್ಲ. ಉದ್ದ ಸುಮಾರು 2 ಕಿ.ಮೀ., ಅಗಲ ಸುಮಾರು 1.2 ಕಿ.ಮೀ. ಆದರೆ ಆಳ 200 ಮೀಟರಿಗೂ ಹೆಚ್ಚು! ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಒಂದು ಕಡೆ ಕಡಿದಾದ ಬಂಡೆಗೋಡೆ. ಇನ್ನೊಂದು ಕಡೆ ಜ್ವಾಲಾಮುಖಿಯ ಬೂದಿ, ಕಲ್ಲುಗಳು ಒತ್ತಾಗಿ ಕೂಡಿ ಆದ ಸಹಜ ಕಟ್ಟೆ. ಕಟ್ಟೆಯನ್ನು ಮೀರಿದ ನೀರು ಕಣಿವೆಗೆ ಇಳಿದು, ಹೊಳೆಗಳನ್ನು ಸೇರಿ, ಕತ್ಸಿನಾ ಅಲಾ ನದಿಯ ಮೂಲಕ ನೈಜೀರಿಯಾದ ಬೆನುವೆ ನದಿಯನ್ನು ಮುಟ್ಟುತ್ತದೆ.

ಜ್ವಾಲಾಮುಖಿಯ ಮಣ್ಣು ಬಹಳ ಫಲವತ್ತಾದುದು ಎಂಬುದನ್ನು ನೀವು ಭೂಗೋಳದ ಪಾಠದಲ್ಲಿ ಓದಿದ್ದೀರಿ. ನ್ಯೋಸ್ ಕಣಿವೆಯ ಜನ ಅದನ್ನು ಅನುಭವದಿಂದಲೇ ಬಲ್ಲವರು. ಮೆಕ್ಕೆಜೋಳ, ಅವರೆ ಜಾತಿಯ ಕಾಳು, ಕೆಸವಿನ ಗೆಡ್ಡೆ, ಬಾಳೆ ಇವು ಅಲ್ಲಿಯ ಬೆಳೆಗಳು. ಕಣಿವೆಯ ತಳದಲ್ಲಿ ಬೇಸಾಯಗಾರರ ಮನೆಗಳು. ಮೇಲಿನ ಹುಲ್ಲುಗಾವಲುಗಳಲ್ಲಿ ದನ ಮೇಯಿಸುವ ಫುಲಾನಿ ಜನರು. ಇವರು ಇಪ್ಪತ್ತನೆಯ ಶತಮಾನದ ಆರಂಭದಿಂದ ದನಗಳ ಹಿಂಡುಗಳೊಡನೆ ಈ ಬೆಟ್ಟಗಳಿಗೆ ಬಂದವರು. ನ್ಯೋಸ್, ಚಾ, ಕಾಮ್, ಸುಬುಮ್ ಇವೆಲ್ಲ ಅಕ್ಕಪಕ್ಕದ ಕಣಿವೆಗಳ ಊರುಗಳು. ವಿದ್ಯುತ್ತು, ದೂರವಾಣಿ ಅಲ್ಲಿಗೆ ಬಂದಿರಲಿಲ್ಲ.

ಆಳಿದವರು ಮಾತ್ರ ಬದಲಾಗುತ್ತಲೇ ಇದ್ದರು. 1884ರಲ್ಲಿ ಜರ್ಮನರು ಕ್ಯಾಮರೂನನ್ನು ತಮ್ಮ ವಸಾಹತು ಎಂದು ಘೋಷಿಸಿದರು. ಮೊದಲ ಮಹಾಯುದ್ಧದಲ್ಲಿ ಅವರು ಸೋತ ಮೇಲೆ ಫ್ರೆಂಚರೂ ಬ್ರಿಟಿಷರೂ ದೇಶವನ್ನು ಹಂಚಿಕೊಂಡರು. ನ್ಯೋಸ್ ಇರುವ ಭಾಗ ಬ್ರಿಟಿಷರ ಪಾಲಿಗೆ ಬಂತು. 1961ರ ಫೆಬ್ರುವರಿಯಲ್ಲಿ ನಡೆದ ಜನಮತಗಣನೆಯಲ್ಲಿ ಬ್ರಿಟಿಷ್ ಕ್ಯಾಮರೂನ್‌ನ ದಕ್ಷಿಣ ಭಾಗದ ಜನರು ನೈಜೀರಿಯಾವನ್ನು ಬಿಟ್ಟು ಕ್ಯಾಮರೂನನ್ನು ಆರಿಸಿಕೊಂಡರು. ಅದೇ ವರ್ಷದ ಅಕ್ಟೋಬರ್ 1ರಂದು ಆ ಭಾಗ ಕ್ಯಾಮರೂನಿಗೆ ಸೇರಿತು. ಹೀಗೆ ಫ್ರೆಂಚ್ ಭಾಷೆಯ ದೊಡ್ಡ ದೇಶದಲ್ಲಿ ಇಂಗ್ಲಿಷ್ ಆಡಳಿತ ಕಂಡ ಒಂದು ಚಿಕ್ಕ ಪ್ರಾಂತ್ಯ ಉಳಿಯಿತು. ಈ ವಿಷಯವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಆ ರಾತ್ರಿ

1986ರ ಆಗಸ್ಟ್ 21, ಗುರುವಾರ. ಮಳೆಗಾಲ. ರಾತ್ರಿ ಸುಮಾರು ಒಂಬತ್ತು ಗಂಟೆ. ಊಟ ಮುಗಿಸಿ ಕೆಲವರು ಮಲಗಿದ್ದರು, ಕೆಲವರು ಒಲೆಯ ಬಳಿ ಮಾತನಾಡುತ್ತಿದ್ದರು. ಸರೋವರದ ಕಡೆಯಿಂದ ಗುಡುಗಿನಂತಹ ಸದ್ದು ಕೇಳಿತೆಂದು ಬದುಕುಳಿದವರು ಹೇಳಿದ್ದಾರೆ. ಸರೋವರದ ನೀರು ಕುದಿಯುವಂತೆ ಉಕ್ಕಿ ಮೇಲೆದ್ದಿತು. ಅದರೊಂದಿಗೆ ಬಿಳಿಯ ಮೋಡವೊಂದು ಹೊರಟು, ಕಟ್ಟೆಯನ್ನು ದಾಟಿ, ನೀರು ಹರಿಯುವ ದಾರಿಯಲ್ಲೇ ಕಣಿವೆಗಳಿಗೆ ಇಳಿಯಿತು.

ಅದು ಇಂಗಾಲದ ಡೈಆಕ್ಸೈಡ್. ನಾವು ಉಸಿರು ಬಿಡುವಾಗ ಹೊರಬರುವ, ಸೋಡಾ ಬಾಟಲಿಯಲ್ಲಿರುವ ಅದೇ ಅನಿಲ. ಅದಕ್ಕೆ ಬಣ್ಣವಿಲ್ಲ, ಗಾಳಿಗಿಂತ ಒಂದೂವರೆ ಪಟ್ಟು ಭಾರ. ಆದ್ದರಿಂದ ಅದು ಮೇಲಕ್ಕೆ ಚದುರದೆ ನೀರಿನಂತೆ ತಗ್ಗನ್ನು ಹುಡುಕಿಕೊಂಡು ಹರಿಯಿತು. ಹಳೆಯ ಬಾವಿಗೆ ಇಳಿಯುವ ಮೊದಲು ನಮ್ಮ ಹಿರಿಯರು ಲಾಂದ್ರವನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುತ್ತಿದ್ದುದನ್ನು ನೀವು ಕೇಳಿರಬಹುದು. ದೀಪ ಆರಿದರೆ ಕೆಳಗೆ ಉಸಿರಾಡುವ ಗಾಳಿಯಿಲ್ಲ ಎಂದು ಅರ್ಥ. ಆ ರಾತ್ರಿ ನ್ಯೋಸ್ ಕಣಿವೆಯೇ ಅಂತಹ ಒಂದು ಬಾವಿಯಾಯಿತು. ಗಾಳಿಯಲ್ಲಿ ಈ ಅನಿಲದ ಪ್ರಮಾಣ ಶೇಕಡಾ 10ನ್ನು ಮೀರಿದರೆ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ಇನ್ನೂ ಹೆಚ್ಚಾದರೆ ಕೆಲವೇ ನಿಮಿಷಗಳಲ್ಲಿ ಸಾವು. ಮಲಗಿದವರು ಮಲಗಿದಲ್ಲೇ, ಬಾಗಿಲಿಗೆ ಬಂದವರು ಬಾಗಿಲಲ್ಲೇ ಕುಸಿದರು.

ಮೋಡ ಸುಮಾರು 25 ಕಿ.ಮೀ. ದೂರದವರೆಗೂ ಹರಿಯಿತು. ಸತ್ತವರು 1,700ಕ್ಕೂ ಹೆಚ್ಚು ಮಂದಿ. 1,746 ಎಂಬ ಅಂಕಿ ಸಾಮಾನ್ಯವಾಗಿ ಬಳಕೆಯಲ್ಲಿದೆ. ಸತ್ತ ದನಕರುಗಳು ಸುಮಾರು 3,500. ಕೆಳಗಿನ ನ್ಯೋಸ್ ಊರಿನಲ್ಲಿ ಇದ್ದವರು ಬಹುತೇಕ ಎಲ್ಲರೂ ಸತ್ತರು. ಸುಬುಮ್‌ನಂತಹ ದೂರದ ಊರುಗಳಲ್ಲಿ ಹಲವರು ಗಂಟೆಗಟ್ಟಲೆ ಮೈಮರೆತು ಬಿದ್ದಿದ್ದು, ಮರುದಿನ ಎಚ್ಚರಗೊಂಡರು. ಎಚ್ಚರಗೊಂಡಾಗ ಪಕ್ಕದಲ್ಲಿ ಹೆಂಡತಿ ಮಕ್ಕಳು ತಣ್ಣಗಾಗಿದ್ದರು. ಬೆಟ್ಟದ ಮೇಲಿನ ಮನೆಗಳಲ್ಲಿದ್ದವರು ಉಳಿದುಕೊಂಡರು. ಬೆಳಿಗ್ಗೆ ಕೆಳಗಿಳಿದು ಬಂದ ಅವರಿಗೆ ಮೊದಲು ಕಂಡದ್ದು ನಿಶ್ಶಬ್ದ. ಹಕ್ಕಿಯ ದನಿಯಿಲ್ಲ, ಹುಳುವಿನ ಸದ್ದಿಲ್ಲ. ಮನೆಗಳೆಲ್ಲ ನೆಟ್ಟಗೆ ನಿಂತಿದ್ದವು. ಎಂದೂ ತಿಳಿಯಾಗಿದ್ದ ಸರೋವರ ಕೆಂಪಾಗಿತ್ತು. ತಳದಲ್ಲಿದ್ದ ಕಬ್ಬಿಣದ ಅಂಶ ಮೇಲೆ ಬಂದು ಗಾಳಿಗೆ ಒಡ್ಡಿಕೊಂಡದ್ದೇ ಆ ಬಣ್ಣಕ್ಕೆ ಕಾರಣ.

ಯಾರು ಕೊಂದರು?

ವಿಷಯ ಹೊರಗೆ ತಿಳಿದ ಕೂಡಲೇ ವದಂತಿಗಳು ಹುಟ್ಟಿದವು. ಯಾರೋ ಹೊರಗಿನವರು ಹೊಸ ಬಾಂಬನ್ನು ಪರೀಕ್ಷಿಸಿದರು ಎಂದು ಕೆಲವರು ನಂಬಿದರು. ಮನೆ ಬೀಳದೆ, ಮರ ಸುಡದೆ, ಜನ ಮಾತ್ರ ಸತ್ತದ್ದನ್ನು ಕಂಡವರು ಹಾಗೆ ಶಂಕಿಸಿದ್ದು ಆಶ್ಚರ್ಯವೇನಲ್ಲ. ಹಲವು ದೇಶಗಳ ವಿಜ್ಞಾನಿಗಳು ಬಂದರು. ಅವರಲ್ಲೂ ಎರಡು ಪಕ್ಷಗಳಾದವು.

ಸರೋವರದ ತಳದಲ್ಲಿ ಜ್ವಾಲಾಮುಖಿಯೇ ಮತ್ತೆ ಸಿಡಿಯಿತು ಎಂಬುದು ಒಂದು ಪಕ್ಷ. ಹೆಸರಾಂತ ಜ್ವಾಲಾಮುಖಿ ತಜ್ಞ ಹರೂನ್ ತಾಜಿಯೆಫ್ ಈ ಮಾತನ್ನು ಬಲವಾಗಿ ಹೇಳಿದರು. ಬದುಕುಳಿದ ಕೆಲವರು ಕೊಳೆತ ಮೊಟ್ಟೆಯ ಅಥವಾ ಮದ್ದಿನ ವಾಸನೆ ಬಂತೆಂದು ಹೇಳಿದ್ದರು. ಕೆಲವರ ಮೈಮೇಲೆ ಸುಟ್ಟಂತಹ ಗಾಯಗಳಿದ್ದವು. ಇವು ಆ ಪಕ್ಷಕ್ಕೆ ಆಧಾರವಾದವು. ಇಲ್ಲ, ವರ್ಷಾನುಗಟ್ಟಲೆ ತಳದ ನೀರಿನಲ್ಲಿ ಕರಗಿ ಕುಳಿತಿದ್ದ ಅನಿಲ ಒಮ್ಮೆಗೇ ಬಿಡುಗಡೆಯಾಯಿತು ಎಂಬುದು ಇನ್ನೊಂದು ಪಕ್ಷ.

ವಿಜ್ಞಾನದಲ್ಲಿ ಯಾರು ಹೇಳಿದರು ಎಂಬುದಕ್ಕಿಂತ ಸಾಕ್ಷ್ಯ ಏನು ಎಂಬುದೇ ಮುಖ್ಯ. ಈ ಮಾತನ್ನು ನೀವು ಪ್ರಯೋಗಶಾಲೆಯಲ್ಲಿ ಕಲಿಯುತ್ತೀರಿ. ನ್ಯೋಸ್‌ನಲ್ಲಿ ಅದು ಬೆಟ್ಟದ ಮೇಲೆ ನಡೆಯಿತು. ಜ್ವಾಲಾಮುಖಿ ಸಿಡಿದಿದ್ದರೆ ತಳದ ನೀರು ಕಾದಿರಬೇಕು. ಹಾಗೆ ಕಾದಿರಲಿಲ್ಲ. ಗಂಧಕದ ಅನಿಲ ಬಂದಿದ್ದರೆ ಅದರ ಕುರುಹು ನೀರಿನಲ್ಲಿ ಧಾರಾಳವಾಗಿ ಸಿಗಬೇಕು. ಸಿಗಲಿಲ್ಲ. ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ ಮನುಷ್ಯನಿಗೆ ಇಲ್ಲದ ವಾಸನೆಯೂ ಬಂದಂತೆ ಭ್ರಮೆಯಾಗುತ್ತದೆ ಎಂಬುದು ಮೊದಲೇ ತಿಳಿದಿತ್ತು. ಮೈಮೇಲಿನ ಗಾಯಗಳು ಬಹಳ ಹೊತ್ತು ಪ್ರಜ್ಞೆಯಿಲ್ಲದೆ ಒಂದೇ ಭಂಗಿಯಲ್ಲಿ ಬಿದ್ದಿದ್ದರಿಂದ ಆದವು ಎಂದು ವೈದ್ಯರು ವಿವರಿಸಿದರು. ಎಲ್ಲಕ್ಕಿಂತ ಸರಳವಾದ ಸಾಕ್ಷ್ಯ ಮನೆಗಳಲ್ಲೇ ಇತ್ತು. ದೀಪಗಳಲ್ಲಿ ಎಣ್ಣೆ ಇನ್ನೂ ಉಳಿದಿತ್ತು. ಆದರೆ ದೀಪ ಆರಿತ್ತು.

ಇದರ ಮರ್ಮವನ್ನು ಒಂದು ಗೋಲಿ ಸೋಡಾದಿಂದ ತಿಳಿಯಬಹುದು. ಒತ್ತಡದಲ್ಲಿರುವಾಗ ಅನಿಲ ನೀರಿನಲ್ಲಿ ಕರಗಿ ಸುಮ್ಮನಿರುತ್ತದೆ. ಗೋಲಿ ಒತ್ತಿದೊಡನೆ ಒತ್ತಡ ಇಳಿದು ಬುಸ್ಸೆಂದು ಉಕ್ಕುತ್ತದೆ. ನ್ಯೋಸ್ ಸರೋವರದ ಕೆಳಗೆ, ಭೂಮಿಯ ಆಳದ ಶಿಲಾಪಾಕದಿಂದ ಬರುವ ಅನಿಲ ಒರತೆಗಳ ಮೂಲಕ ತಳದ ನೀರಿಗೆ ಸೇರುತ್ತದೆ. ಮೇಲಿನ 200 ಮೀಟರ್ ನೀರಿನ ಭಾರವೇ ಅದಕ್ಕೆ ಗೋಲಿ. ಚಳಿ ದೇಶಗಳ ಸರೋವರಗಳಲ್ಲಿ ಋತು ಬದಲಾದಾಗ ಮೇಲಿನ ನೀರೂ ಕೆಳಗಿನ ನೀರೂ ಬೆರೆಯುತ್ತವೆ. ಅನಿಲ ಆಗಾಗ ಹೊರಟುಹೋಗುತ್ತದೆ. ಉಷ್ಣವಲಯದ ಈ ಆಳವಾದ ಸರೋವರದಲ್ಲಿ ಪದರಗಳು ಬೆರೆಯುವುದಿಲ್ಲ. ಅನಿಲ ತುಂಬುತ್ತಲೇ ಹೋಯಿತು. ಆ ರಾತ್ರಿ ಯಾವುದೋ ಕಾರಣಕ್ಕೆ ತಳದ ನೀರು ಸ್ವಲ್ಪ ಮೇಲೆದ್ದಿತು. ಮಣ್ಣು ಕುಸಿದದ್ದರಿಂದ ಎನ್ನುವವರಿದ್ದಾರೆ, ಮಳೆಗಾಲದ ತಂಪು ನೀರು ಒಂದು ಬದಿಗೆ ಇಳಿದದ್ದರಿಂದ ಎನ್ನುವವರೂ ಇದ್ದಾರೆ. ಒಮ್ಮೆ ಗುಳ್ಳೆ ಹುಟ್ಟಿದ ಮೇಲೆ ಅದು ತಾನಾಗಿ ನಿಲ್ಲುವುದಿಲ್ಲ.

ಇನ್ನೊಂದು ಸಾಕ್ಷ್ಯ ಎರಡು ವರ್ಷ ಮೊದಲೇ ಸಿಕ್ಕಿತ್ತು. ಸುಮಾರು 100 ಕಿ.ಮೀ. ದೂರದ ಮೊನೂನ್ ಸರೋವರದ ಬಳಿ 1984ರ ಆಗಸ್ಟ್‌ನಲ್ಲಿ 37 ಮಂದಿ ದಾರಿಯಲ್ಲೇ ಸತ್ತು ಬಿದ್ದಿದ್ದರು. ಒಂದು ಲಾರಿಯ ಮೇಲುಭಾಗದಲ್ಲಿ ಕುಳಿತಿದ್ದವರು ಮಾತ್ರ ಉಳಿದರು, ಏಕೆಂದರೆ ಅನಿಲ ನೆಲಕ್ಕೆ ಹತ್ತಿರವಾಗಿತ್ತು. ಇದನ್ನು ಪರಿಶೀಲಿಸಿದ ಹರಾಲ್ಡುರ್ ಸಿಗುರ್ಡ್‌ಸನ್ ಎಂಬ ವಿಜ್ಞಾನಿ ಸರೋವರದಿಂದಲೇ ಅನಿಲ ಬಂತೆಂದು ತೀರ್ಮಾನಿಸಿದ್ದರು. ಆ ಮಾತಿಗೆ ಜಗತ್ತು ಕಿವಿಗೊಡುವ ಮೊದಲೇ ನ್ಯೋಸ್ ನಡೆದುಹೋಯಿತು.

ಹಿರಿಯರ ಕಥೆಯಲ್ಲಿದ್ದ ಎಚ್ಚರಿಕೆ

ನ್ಯೋಸ್‌ಗೆ ದಕ್ಷಿಣದಲ್ಲಿರುವ ಕೋಮ್ ಜನರಲ್ಲಿ ಒಂದು ಪುರಾತನ ಕಥೆಯಿದೆ. ಅವರು ಬಮೆಸ್ಸಿ ಎಂಬ ಜನರ ನಾಡಿನಲ್ಲಿ ಅತಿಥಿಗಳಾಗಿದ್ದಾಗ ಬಮೆಸ್ಸಿಯ ದೊರೆ ಮೋಸದಿಂದ ಕೋಮ್ ಗಂಡಸರನ್ನು ಒಂದು ಮನೆಯಲ್ಲಿ ಸುಟ್ಟುಬಿಟ್ಟ. ನೊಂದ ಕೋಮ್ ದೊರೆ ನೇಣು ಹಾಕಿಕೊಂಡ. ಅವನ ದೇಹದಿಂದ ಸೋರಿದ ನೀರು ಸರೋವರವಾಯಿತು. ಬಮೆಸ್ಸಿ ಜನ ಅಲ್ಲಿ ಮೀನು ಹಿಡಿಯಲು ಇಳಿದ ದಿನ ಸರೋವರ ತಿರುಗಿಬಿದ್ದು ಎಲ್ಲರನ್ನೂ ನುಂಗಿತು.

ಯೂಜೀನಿಯಾ ಶ್ಯಾಂಕ್ಲಿನ್ ಎಂಬ ಮಾನವಶಾಸ್ತ್ರಜ್ಞೆ ಈ ಸೀಮೆಯ ಇಂತಹ ಕಥೆಗಳನ್ನು ಕಲೆಹಾಕಿ 1980ರ ದಶಕದ ಕೊನೆಯಲ್ಲಿ ಪ್ರಕಟಿಸಿದರು. ಸರೋವರ ಸಿಡಿಯುವುದು, ಸ್ಥಳ ಬದಲಿಸುವುದು, ಜನರನ್ನು ಕೊಲ್ಲುವುದು ಇಲ್ಲಿಯ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬಹಳ ಹಿಂದೆಯೂ ಇಂತಹ ದುರಂತಗಳು ನಡೆದಿರಬಹುದೆಂದು ಈ ಕಥೆಗಳು ಸೂಚಿಸುತ್ತವೆ. ಕಥೆಯನ್ನು ಕಥೆಯೆಂದೇ ಓದಬೇಕು, ನಿಜ. ಆದರೆ ಬರಹವಿಲ್ಲದ ಸಮಾಜದಲ್ಲಿ ಎಚ್ಚರಿಕೆಯನ್ನು ಮೊಮ್ಮಕ್ಕಳಿಗೆ ದಾಟಿಸಲು ಕಥೆಗಿಂತ ಬೇರೆ ಕಾಗದ ಎಲ್ಲಿತ್ತು?

ಸರೋವರಕ್ಕೆ ಚಿಕಿತ್ಸೆ

1986ರಲ್ಲಿ ಎಲ್ಲ ಅನಿಲವೂ ಹೋಗಿರಲಿಲ್ಲ. ಕೆಳಗಿನಿಂದ ಹೊಸದು ಸೇರುತ್ತಲೂ ಇತ್ತು. ಅಂದರೆ ಇನ್ನೊಂದು ರಾತ್ರಿ ಅಂತಹುದೇ ಆಗಬಹುದಿತ್ತು. 1987ರ ಮಾರ್ಚ್‌ನಲ್ಲಿ ರಾಜಧಾನಿ ಯಾವುಂಡೆಯಲ್ಲಿ ವಿಜ್ಞಾನಿಗಳ ಅಂತಾರಾಷ್ಟ್ರೀಯ ಸಮ್ಮೇಳನ ಸೇರಿತು. ಅನಿಲವನ್ನು ಸ್ವಲ್ಪ ಸ್ವಲ್ಪವಾಗಿ ಹೊರಬಿಡುವುದೇ ಪರಿಹಾರ ಎಂಬ ವಿಚಾರ ಬಲಗೊಂಡಿತು.

ಉಪಾಯ ಸರಳ. ಸರೋವರದ ತಳದವರೆಗೆ ಒಂದು ಕೊಳವೆ ಇಳಿಸಬೇಕು. ಆರಂಭದಲ್ಲಿ ಮಾತ್ರ ಪಂಪಿನಿಂದ ನೀರೆತ್ತಬೇಕು. ನೀರು ಮೇಲೇರಿದಂತೆ ಒತ್ತಡ ಇಳಿದು ಗುಳ್ಳೆಗಳೇಳುತ್ತವೆ. ಗುಳ್ಳೆ ತುಂಬಿದ ನೀರು ಹಗುರವಾಗಿ ತಾನೇ ಮೇಲಕ್ಕೆ ಚಿಮ್ಮುತ್ತದೆ. ಆಮೇಲೆ ಪಂಪೂ ಬೇಡ, ವಿದ್ಯುತ್ತೂ ಬೇಡ! ಫ್ರಾನ್ಸಿನ ಮಿಶೆಲ್ ಹಾಲ್‌ಬ್ವಾಕ್ಸ್ ಅವರ ತಂಡ ಮೊದಲು ಪರೀಕ್ಷೆಗಳನ್ನು ನಡೆಸಿ, 2001ರ ಜನವರಿಯಲ್ಲಿ 203 ಮೀಟರ್ ಉದ್ದದ, 14.5 ಸೆಂ.ಮೀ. ವ್ಯಾಸದ ಕೊಳವೆಯನ್ನು ನ್ಯೋಸ್‌ನಲ್ಲಿ ಇಳಿಸಿತು. ನೀರು ಸುಮಾರು 50 ಮೀಟರ್ ಎತ್ತರಕ್ಕೆ ಕಾರಂಜಿಯಾಗಿ ಚಿಮ್ಮಿತು. ಅಮೆರಿಕ ಮತ್ತು ಜಪಾನಿನ ವಿಜ್ಞಾನಿಗಳು ಕ್ಯಾಮರೂನಿನ ಸಹೋದ್ಯೋಗಿಗಳೊಡನೆ ಸರೋವರದ ಅನಿಲವನ್ನು ವರ್ಷ ವರ್ಷವೂ ಅಳೆದರು. ಮೊನೂನ್‌ಗೆ 2003ರಲ್ಲಿ ಕೊಳವೆ ಬಂತು. ನ್ಯೋಸ್‌ಗೆ ಒಂದೇ ಕೊಳವೆ ಸಾಲದೆಂದು 2011ರಲ್ಲಿ ಇನ್ನೆರಡು ಸೇರಿದವು. 2019ರ ವೇಳೆಗೆ ಅನಿಲದ ಪ್ರಮಾಣ ಅಪಾಯದ ಮಟ್ಟದಿಂದ ಕೆಳಗಿಳಿಯಿತು. ಹೊಸದಾಗಿ ಸೇರುವುದನ್ನು ಹೊರಹಾಕಲು ಒಂದು ಕೊಳವೆ ಸಾಕು ಎಂಬ ಸ್ಥಿತಿ ಬಂತು.

ಸಹಜ ಕಟ್ಟೆಯ ಚಿಂತೆಯೂ ಇತ್ತು. ನೀರಿನಿಂದ ಸವೆದ ಅದು ಒಡೆಯಬಹುದೆಂದು 2005ರಲ್ಲಿ ವಿಶ್ವಸಂಸ್ಥೆಯ ತಜ್ಞರು ಎಚ್ಚರಿಸಿದರು. ಆಮೇಲೆ ಯೂರೋಪಿನ ನೆರವಿನಿಂದ ಅದನ್ನು ಬಲಪಡಿಸುವ ಕಾಮಗಾರಿ ನಡೆಯಿತು. ಗಡಿಯಾಚೆ ನೈಜೀರಿಯಾ ಕಾಶಿಂಬಿಲಾ ಎಂಬಲ್ಲಿ ಕಟ್ಟಿದ ಅಣೆಕಟ್ಟಿನ ಉದ್ದೇಶಗಳಲ್ಲಿ ಒಂದು, ನ್ಯೋಸ್ ಕಟ್ಟೆ ಒಡೆದರೆ ಬರುವ ಪ್ರವಾಹವನ್ನು ತಡೆಯುವುದು.

ಊರಿಗೆ ಚಿಕಿತ್ಸೆ?

ಇಲ್ಲಿಯವರೆಗೆ ಹೇಳಿದ್ದು ವಿಜ್ಞಾನದ ಗೆಲುವು. ಇನ್ನು ಜನರ ಕಡೆಗೆ ನೋಡೋಣ.

ದುರಂತದ ನಂತರ ಸೈನಿಕರು ಸತ್ತವರನ್ನು ಸಾಮೂಹಿಕವಾಗಿ ಹೂಳಿದರು. ಉಳಿದ ಸಾವಿರಾರು ಜನರನ್ನು ಆ ಕಣಿವೆಗಳಿಂದ ಹೊರಗೆ ಕಳುಹಿಸಲಾಯಿತು. ಮೊದಲು ಡೇರೆಗಳು; ಆಮೇಲೆ ಬುವಾಬುವಾ, ಕಿಂಬಿ, ಕುಂಫುಟು, ಎಸು, ಯೆಂಗೆ, ಇಪಾಲಿಮ್, ಉಪ್ಕ್ವಾ ಎಂಬ ಏಳು ಕಡೆ ಪುನರ್ವಸತಿ ಶಿಬಿರಗಳು. ಅವು ತಾತ್ಕಾಲಿಕ ಎಂದೇ ಜನ ಭಾವಿಸಿದ್ದರು. ಶಿಬಿರದಲ್ಲಿ ಹುಟ್ಟಿದ ಮಕ್ಕಳು ದೊಡ್ಡವರಾಗಿ ತಾವೇ ತಂದೆತಾಯಿಗಳಾದರು.

ಶಿಬಿರದಲ್ಲಿ ಏನು ಕೊರತೆ ಎಂದು ನೀವು ಕೇಳಬಹುದು. ಗೋಡೆ, ಮಾಡು ಇದ್ದರೆ ಮನೆಯಾಗುತ್ತದೆಯೆ? ಹಳೆಯ ಊರಿನಲ್ಲಿ ಒಂದು ಅಂಗಳದ ಸುತ್ತ ಹಲವು ಮನೆಗಳಲ್ಲಿ ಕುಟುಂಬ ಹರಡಿಕೊಂಡಿರುತ್ತಿತ್ತು. ಶಿಬಿರದ ಚಿಕ್ಕ ಮನೆಗಳಲ್ಲಿ ಅದಕ್ಕೆ ಎಡೆಯಿರಲಿಲ್ಲ. ಹೊಲಗಳು ಸಾಲಲಿಲ್ಲ, ಜ್ವಾಲಾಮುಖಿ ಕಣಿವೆಯ ಮಣ್ಣಿನ ಸಾರ ಅಲ್ಲಿರಲಿಲ್ಲ. ಬೆಳೆಗೆ ದನ ನುಗ್ಗಿತೆಂದು ಬೇಸಾಯಗಾರರಿಗೂ ದನಗಾಹಿಗಳಿಗೂ ಜಗಳಗಳಾದವು. ಹಿರಿಯರ ಸಮಾಧಿಗಳು ಹಿಂದೆ ಉಳಿದಿದ್ದವು. ಹೀಗಾಗಿ ಅಪಾಯ ಇನ್ನೂ ಇದ್ದ ದಿನಗಳಲ್ಲೇ ಕೆಲವರು ನಿಷೇಧವನ್ನು ಲೆಕ್ಕಿಸದೆ ಹಳೆಯ ಕಣಿವೆಗೆ ಮರಳಿ ಉಳುಮೆ ಮಾಡತೊಡಗಿದರು. ಅವರಿಗೆ ಅಪಾಯ ಗೊತ್ತಿರಲಿಲ್ಲ ಎಂದಲ್ಲ. ಎಂದೋ ಬರಬಹುದಾದ ಸಾವಿಗಿಂತ ದಿನವೂ ಬರುವ ಹಸಿವು ಹತ್ತಿರವಾಗಿತ್ತು.

ಕೊನೆಗೆ ಸರೋವರ ಸುರಕ್ಷಿತವಾಗುವ ಹೊತ್ತಿಗೆ ದೇಶವೇ ಕದಡಿತ್ತು. ಹಿಂದೆ ನೆನಪಿಡಿ ಎಂದ ವಿಷಯ ಇದೇ. ಇಂಗ್ಲಿಷ್ ಬಳಕೆಯ ಪ್ರಾಂತ್ಯಗಳ ವಕೀಲರು ಮತ್ತು ಶಿಕ್ಷಕರು ತಮ್ಮ ನ್ಯಾಯಾಲಯಗಳಲ್ಲಿ, ಶಾಲೆಗಳಲ್ಲಿ ಫ್ರೆಂಚನ್ನು ಹೇರುವುದರ ವಿರುದ್ಧ 2016ರಲ್ಲಿ ಪ್ರತಿಭಟಿಸಿದರು. 2017ರಿಂದ ಅದು ಸರ್ಕಾರ ಮತ್ತು ಪ್ರತ್ಯೇಕತಾವಾದಿಗಳ ನಡುವಿನ ಸಶಸ್ತ್ರ ಹೋರಾಟವಾಯಿತು. ವಾಯವ್ಯ ಪ್ರಾಂತ್ಯದ ಎಷ್ಟೋ ಶಾಲೆಗಳು ವರ್ಷಗಟ್ಟಲೆ ಮುಚ್ಚಿದವು. ಸರೋವರವನ್ನು ಅಳೆಯಲು ಹೋಗುವುದೂ ವಿಜ್ಞಾನಿಗಳಿಗೆ ಕಷ್ಟವಾಯಿತು. ಒಮ್ಮೆ ಅನಿಲಕ್ಕೆ ಹೆದರಿ ಊರು ಬಿಟ್ಟವರ ಮಕ್ಕಳಿಗೆ ಈಗ ಬಂದೂಕಿನ ಭಯ.

ನ್ಯೋಸ್ ದುರಂತದ ಸುದ್ದಿ ಬಂದಾಗ ಜಗತ್ತಿನ ಟಿ.ವಿ. ಪರದೆಗಳ ಮೇಲೆ ಹೆಚ್ಚಾಗಿ ಕಂಡದ್ದು ಹುಲ್ಲಿನ ಮೇಲೆ ಸತ್ತು ಬಿದ್ದ ದನಗಳ ಚಿತ್ರ. ಟಿ.ವಿ.ಯಲ್ಲಿ ಕೆಲಸ ಮಾಡುವ ನನಗೆ ಅದರ ಕಾರಣ ಗೊತ್ತು. ಸಾವಿಗೆ ಚಿತ್ರವಿದೆ, ಕಾಯುವಿಕೆಗೆ ಚಿತ್ರವಿಲ್ಲ. ಸರೋವರದ ಕಾರಂಜಿಯನ್ನು ತೋರಿಸುವುದು ಸುಲಭ. ಮೂವತ್ತು ವರ್ಷ ತಾತ್ಕಾಲಿಕ ಮನೆಯಲ್ಲಿ ಕಳೆದ ಹೆಂಗಸನ್ನು ಎಷ್ಟು ನಿಮಿಷ ತೋರಿಸಲಾದೀತು?

ಕೊಳವೆ ಇಳಿಸಲು ಹದಿನೈದು ವರ್ಷ ಹಿಡಿಯಿತು. ಸರೋವರ ಸುರಕ್ಷಿತವಾಗಲು ಮೂವತ್ತಮೂರು ವರ್ಷ. ಅನಿಲ ಎಷ್ಟು ಉಳಿದಿದೆ ಎಂಬ ಪ್ರಶ್ನೆಗೆ ವಿಜ್ಞಾನ ಉತ್ತರ ಕೊಟ್ಟಿತು. ರಸ್ತೆ, ಶಾಲೆ, ಆಸ್ಪತ್ರೆ, ಹೊಲದ ಹಕ್ಕು, ನೆಮ್ಮದಿಯ ನಿದ್ದೆ ಇವು ಯಾವ ಕೊಳವೆಯಿಂದಲೂ ಮೇಲೆ ಬರುವುದಿಲ್ಲ. ಅವನ್ನು ಆಳುವವರು ಕೊಡಬೇಕು, ಜನರು ಕೇಳಿ ಪಡೆಯಬೇಕು. ಅಲ್ಲಿಯವರೆಗೆ ನ್ಯೋಸ್ ದುರಂತ 1986ರಲ್ಲಿ ನಡೆಯಿತು ಎನ್ನಬಹುದೇ ಹೊರತು ಮುಗಿಯಿತು ಎನ್ನಲಾಗದು.

ನೀವೇ ಯೋಚಿಸಿ

1. ಒಂದೇ ನೆಲ ಒಳ್ಳೆಯ ಬೆಳೆಯನ್ನೂ ದೊಡ್ಡ ಅಪಾಯವನ್ನೂ ಕೊಟ್ಟಾಗ, ಅಲ್ಲಿ ಇರಬೇಕೆ ಬಿಡಬೇಕೆ ಎಂದು ತೀರ್ಮಾನಿಸುವ ಹಕ್ಕು ಯಾರದು?

2. ಆರಿದ ದೀಪದಲ್ಲಿ ಉಳಿದ ಎಣ್ಣೆ ಯಾವ ವಾದವನ್ನು ಬಲಪಡಿಸಿತು? ಏಕೆ?

3. ನಿಮ್ಮ ಮನೆಯ ಹಿರಿಯರು ಹೇಳುವ ಕಥೆಗಳಲ್ಲಿ ನೆಲ, ನೀರು, ಮಳೆಗಳ ಬಗೆಗಿನ ಎಚ್ಚರಿಕೆ ಯಾವುದಾದರೂ ಅಡಗಿದೆಯೆ? ಕೇಳಿ, ಬರೆದಿಡಿ.